ಬಾಗಿಲೊಳಗಿನ ಕೀಲೆಣ್ಣೆ

ಎತ್ತಿನ ಗಾಡಿ ಕಿರುಗುಟ್ಟತೊಡಗಿದರೆ ಗಾಡಿ ಹೊಡೆಯುವವನು ಇಳಿದು, ಪಕ್ಕದಲ್ಲಿ ತೂಗುಬಿಟ್ಟ ಬಿದಿರಿನ ಗೊಟ್ಟಕ್ಕೆ ಕೈ ಹಾಕುತ್ತಿದ್ದ. ಅದರಲ್ಲಿ ಇರುತ್ತಿದ್ದುದು ಕೀಲೆಣ್ಣೆ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕಪ್ಪು ಲೇಪ. ಕಡಾಣಿ ಕಿತ್ತು, ಚಕ್ರವನ್ನು ತುಸು ಹೊರಕ್ಕೆಳೆದು, ಅಚ್ಚಿಗೆ ಬಳಿದು ಮತ್ತೆ ಹೊರಟರೆ ಸಂತೆ ಮುಟ್ಟುವವರೆಗೆ ಸದ್ದಿಲ್ಲ. ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲೇ ಹರಳು ಬೆಳೆಯುತ್ತಿತ್ತು. ಗಾಡಿಗೆ ಬೇಕಾದ ಎಣ್ಣೆಗೆ ಪೇಟೆಯ ಮುಖ ನೋಡಬೇಕಿರಲಿಲ್ಲ.

ಕಮ್ಮನಹಳ್ಳಿಯೂ ಹೆಸರೇ ಹೇಳುವಂತೆ ಅಂಥದೊಂದು ಹಳ್ಳಿ. 1809ರಲ್ಲಿ ನೆಲೆಯೂರಿದ ಕಂಟೋನ್ಮೆಂಟ್ ಈಶಾನ್ಯಕ್ಕೆ ಬೆಳೆಯುತ್ತ ಬಂತು. ಪ್ಲೇಗಿನ ನಂತರ, 1910ರಲ್ಲಿ ಫ್ರೇಜರ್ ಟೌನ್ ಹುಟ್ಟಿತು, ಅದರಾಚೆ ಕಾಕ್ಸ್ ಟೌನ್. ಹೆಣ್ಣೂರು ರಸ್ತೆಗೂ ಬಾಣಸವಾಡಿ ರಸ್ತೆಗೂ ನಡುವೆ ಬಿಡಿಎ ಬಡಾವಣೆ ಎದ್ದಾಗ ಹಳ್ಳಿ ಪೂರ್ತಿಯಾಗಿ ಊರೊಳಗೆ ಸೇರಿಹೋಯಿತು. ಗಾಡಿಯ ಜಾಗಕ್ಕೆ ಕಾರು ಬಂತು. ಕಿರುಗುಟ್ಟುವ ದನಿ ಮಾತ್ರ ಉಳಿಯಿತು, ಚಕ್ರದಿಂದ ಬಾಗಿಲಿಗೆ ಜಾಗ ಬದಲಿಸಿಕೊಂಡು. ಹಳೆಯ ಅಂಬಾಸಿಡರಿನ ಗಾಜು ಇಳಿಸಲು ಹ್ಯಾಂಡಲ್ ತಿರುಗಿಸಿದವರಿಗೆ ಆ ದನಿ ಗೊತ್ತು.

ಕಾರಿನ ಬಾಗಿಲಿಗೆ ಗಾಜು ಬಂದದ್ದೇ ತಡವಾಗಿ. ಮೊದಮೊದಲ ಕಾರುಗಳು ಮೇಲೆ ಬಟ್ಟೆಯ ಹೊದಿಕೆ ಇದ್ದ, ಪಕ್ಕ ತೆರೆದ ಗಾಡಿಗಳು. ಮಳೆ ಬಂದರೆ ಸೆಲ್ಯುಲಾಯ್ಡ್ ಕಿಂಡಿಯ ಪರದೆಗಳನ್ನು ಗುಂಡಿ ಹಾಕಿ ಬಿಗಿಯಬೇಕಿತ್ತು. ಮುಚ್ಚಿದ ಸಾರೋಟುಗಳಲ್ಲಿ ಗಾಜನ್ನು ಏರಿಸಲು ತೂತು ಹೊಡೆದ ಚರ್ಮದ ಪಟ್ಟಿ ಇರುತ್ತಿತ್ತು. ಬೇಕಾದಷ್ಟು ಎಳೆದು ಗೂಟಕ್ಕೆ ಸಿಕ್ಕಿಸಿದರೆ ಗಾಜು ಅಲ್ಲೇ ನಿಲ್ಲುತ್ತಿತ್ತು. ಸಾರೋಟು ಕಟ್ಟುವವರ ಈ ಪಟ್ಟಿಯೇ ಮೊದಲ ಮುಚ್ಚಿದ ಕಾರುಗಳಿಗೂ ಬಂತು. ಅಮೆರಿಕದಲ್ಲಿ 1919ರಲ್ಲಿ ಮಾರಾಟವಾದ ಕಾರುಗಳಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ಮುಚ್ಚಿದವು. 1927ರ ಹೊತ್ತಿಗೆ ಅದು ನೂರಕ್ಕೆ ಎಂಬತ್ತೈದು. ಈ ಎಂಟು ವರ್ಷಗಳ ಜಿಗಿತವೇ ಹ್ಯಾಂಡಲ್ ತಿರುಗಿಸಿ ಗಾಜು ಏರಿಸುವ ಯಂತ್ರವನ್ನು ಮನೆಮಾತಾಗಿಸಿತು. ಜರ್ಮನಿಯ ಕೋಬುರ್ಗಿನಲ್ಲಿ ಮ್ಯಾಕ್ಸ್ ಬ್ರೋಸೆ 1920ರ ದಶಕದ ಕೊನೆಯಲ್ಲಿ ಇಂಥ ಯಂತ್ರಗಳನ್ನು ತಯಾರಿಸತೊಡಗಿದ. ಅವನ ಕಂಪನಿ ಇಂದಿಗೂ ಅದೇ ಕೆಲಸದಲ್ಲಿದೆ.

ಇಲ್ಲೊಂದು ಸ್ಥಳೀಯ ಕೊರಗನ್ನು ಹೇಳದೆ ಮುಂದೆ ಹೋಗಲಾಗದು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಕಾರು ಕಾರ್ಖಾನೆಯ ಯೋಜನೆ ಹೊತ್ತು ಯೂರೋಪು, ಅಮೆರಿಕ ಸುತ್ತಿ ಬಂದಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬಂಡವಾಳಕ್ಕೆ ಮುಂದಾದರು. ಮೈಸೂರು ಸಂಸ್ಥಾನಕ್ಕೆ ಮನಸ್ಸಿತ್ತು, ಬ್ರಿಟಿಷ್ ಸರ್ಕಾರಕ್ಕೆ ಇರಲಿಲ್ಲ. ಕಾರು ಕಾರ್ಖಾನೆ ಇಲ್ಲಿ ಏಳಲೇ ಇಲ್ಲ. ಅದೇ ವಾಲ್‌ಚಂದರು ಬೆಂಗಳೂರಿನ ಪೂರ್ವಕ್ಕೆ, 1940ರ ಡಿಸೆಂಬರಿನಲ್ಲಿ, ವಿಮಾನ ಕಾರ್ಖಾನೆ ಕಟ್ಟಿದರು. ಅದೇ ಇಂದಿನ ಎಚ್‌ಎಎಲ್. ಹೀಗಾಗಿ ಕಂಟೋನ್ಮೆಂಟಿನ ರಸ್ತೆಗೆ ಕಾರುಗಳು ದೂರದಿಂದಲೇ ಬರಬೇಕಾಯಿತು: ಬಂಗಾಳದ ಉತ್ತರಪಾಡಾದಿಂದ ಅಂಬಾಸಿಡರ್, ಬೊಂಬಾಯಿಯ ಕುರ್ಲಾದಿಂದ ಫಿಯೆಟ್ (ಮುಂದೆ ಇದೇ ಪ್ರೀಮಿಯರ್ ಪದ್ಮಿನಿ), ಮದರಾಸಿನಿಂದ 1961ರ ನಂತರ ಸ್ಟ್ಯಾಂಡರ್ಡ್ ಹೆರಾಲ್ಡ್. ಹವಾನಿಯಂತ್ರಣ ಕಾಣದ ಆ ಕಾರುಗಳಲ್ಲಿ ಗಾಳಿಯ ಅಳತೆ ಪ್ರಯಾಣಿಕರ ಕೈಯಲ್ಲೇ. ದಿನಕ್ಕೆ ಎಷ್ಟು ಸಲ ಗಾಜು ಇಳಿಯುತ್ತಿತ್ತೋ, ಏರುತ್ತಿತ್ತೋ!

ಗಾಜು ಏರಿಳಿಸುವ ಯಂತ್ರವನ್ನು ಗ್ಯಾರೇಜಿನವರು ‘ಗ್ಲಾಸ್ ಮೆಷಿನ್’ ಎನ್ನುತ್ತಾರೆ. ಡೋರ್ ಪ್ಯಾಡ್ ಬಿಚ್ಚಿದರೆ ತಾನೇ ಕಾಣುವುದು. ಹ್ಯಾಂಡಲ್ ಬಿಡಿಸುವುದರಲ್ಲೇ ಅರ್ಧ ಜಾಣ್ಮೆ ಇದೆ. ಅಂಬಾಸಿಡರಿನಂಥ ಮಾರಿಸ್ ವಂಶದ ಕಾರುಗಳಲ್ಲಿ ಹ್ಯಾಂಡಲಿನ ಹಿಂದಿನ ಬಟ್ಟಲನ್ನು ಒಳಕ್ಕೆ ಒತ್ತಿ ಹಿಡಿದು, ಅಡ್ಡಲಾಗಿ ಕೂತ ಸಣ್ಣ ಪಿನ್ನನ್ನು ತಳ್ಳಬೇಕು. ಸ್ಪ್ರಿಂಗ್ ಕ್ಲಿಪ್ ಇರುವ ಕಾರುಗಳಲ್ಲಿ ಬನಿಯನ್ ವೇಸ್ಟಿನ ಒಂದು ಪಟ್ಟಿಯನ್ನು ಹ್ಯಾಂಡಲಿನ ಹಿಂದೆ ಸುತ್ತಿಸಿ, ಬೂಟು ಪಾಲಿಶ್ ಮಾಡುವಂತೆ ಅತ್ತಿತ್ತ ಎಳೆದರೆ ಕ್ಲಿಪ್ಪು ಚಿಮ್ಮುತ್ತದೆ. ಅದು ಎಲ್ಲಿಗೆ ಹಾರಿತು ಎಂದು ನೋಡಿಕೊಳ್ಳದಿದ್ದರೆ ಆ ದಿನದ ಕೆಲಸ ಹುಡುಕಾಟದಲ್ಲೇ ಮುಗಿಯುತ್ತದೆ.

ಒಳಗಿನ ಲೆಕ್ಕ ಸರಳ. ಹ್ಯಾಂಡಲ್ ಒಂದು ಪುಟ್ಟ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಅದು ಬೀಸಣಿಗೆಯಾಕಾರದ ದೊಡ್ಡ ಹಲ್ಲುಫಲಕವನ್ನು ತಳ್ಳುತ್ತದೆ. ಫಲಕಕ್ಕೆ ಅಂಟಿದ ತೋಳಿನ ತುದಿಯ ಉರುಳೆ ಗಾಜಿನ ಬುಡದ ಕಂಬಿಯೊಳಗೆ ಜಾರುತ್ತ ಗಾಜನ್ನು ಎತ್ತುತ್ತದೆ. ತನ್ನ ಭಾರಕ್ಕೇ ಗಾಜು ಕುಸಿಯದಂತೆ ಒಂದು ಸ್ಪ್ರಿಂಗ್ ಬ್ರೇಕಿನಂತೆ ಕಚ್ಚಿ ಹಿಡಿಯುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಕಾರುಗಳಲ್ಲಿ ತೋಳಿನ ಬದಲು ಉಕ್ಕಿನ ಕೇಬಲ್ ಈ ಕೆಲಸ ಮಾಡುತ್ತದೆ. ಗ್ರೀಸ್ ಬೇಕಾದದ್ದು ಹಲ್ಲಿಗೆ, ತಿರುಗುವ ಮೊಳೆಗೆ, ಉರುಳೆಗೆ, ಕಂಬಿಗೆ. ಅದೂ ತೆಳುವಾಗಿ. ಗ್ರೀಸ್ ಎಂದರೆ ಸೋಪಿನ ಬಲೆಯೊಳಗೆ ಹಿಡಿದಿಟ್ಟ ಎಣ್ಣೆ. ವರ್ಷಗಳು ಕಳೆದಂತೆ ಎಣ್ಣೆ ಸೋರಿಹೋಗಿ, ಉಳಿದ ಸೋಪು ಧೂಳಿನೊಡನೆ ಮೇಣದಂತೆ ಗಟ್ಟಿಯಾಗುತ್ತದೆ. ಆಗ ಜನ ಬಲವಂತವಾಗಿ ತಿರುಗಿಸುತ್ತಾರೆ, ಹ್ಯಾಂಡಲಿನ ಒಳಹಲ್ಲು ಸವೆದು ಬರಿದೇ ಸುತ್ತುತ್ತದೆ. ಹೊಸ ಹ್ಯಾಂಡಲ್ ಹಾಕಿಸಿದ ಮಾತ್ರಕ್ಕೆ ಸರಿಹೋಗದು. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ತೆಗೆಯದೆ ಮೇಲೆ ಹೊಸ ಗ್ರೀಸ್ ಮೆತ್ತುವುದೂ ವ್ಯರ್ಥವೇ.

ಗಾಜು ಜಾರುವ ಚಾನಲ್ಲಿನ ಸಂಗತಿಯೇ ಬೇರೆ. ಅಲ್ಲಿರುವುದು ರಬ್ಬರು, ಉಣ್ಣೆಬಟ್ಟೆಯ ಒಳಪದರ. ಖನಿಜ ಎಣ್ಣೆ ತಾಕಿದರೆ ಹಳೆಯ ಕಾರಿನ ಸಹಜ ರಬ್ಬರು ಉಬ್ಬುತ್ತದೆ. ಎಣ್ಣೆ ಕುಡಿದ ಉಣ್ಣೆ ಧೂಳು ಹಿಡಿದು ಗಾಜಿನ ಮೇಲೆ ಗೀರು ಎಳೆಯುತ್ತದೆ. ಅಲ್ಲಿಗೆ ಗ್ರಾಫೈಟ್ ಪುಡಿ, ಈಚೆಗೆ ಸಿಲಿಕೋನ್ ಸ್ಪ್ರೇ.

ಹರಳೆಣ್ಣೆಯ ಹೆಚ್ಚುಗಾರಿಕೆ ಕಾಣುವುದು ಇಲ್ಲೇ. ಅದು ಸಹಜ ರಬ್ಬರನ್ನು ಕೆಡಿಸುವುದಿಲ್ಲ. ಹೈಡ್ರಾಲಿಕ್ ಬ್ರೇಕುಗಳ ಮೊದಲ ದಿನಗಳಲ್ಲಿ ಬ್ರೇಕ್ ಆಯಿಲ್ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿಯೇ ತಯಾರಾಗುತ್ತಿದ್ದುದು ಅದಕ್ಕೇ. ಲಂಡನ್ನಿನ ಚಾರ್ಲ್ಸ್ ವೇಕ್‌ಫೀಲ್ಡ್ 1909ರಲ್ಲಿ ತನ್ನ ಎಂಜಿನ್ ಆಯಿಲ್‌ಗೆ ಹರಳೆಣ್ಣೆ ಸೇರಿಸಿ, ಆ ಗಿಡದ ಇಂಗ್ಲಿಷ್ ಹೆಸರಿನಿಂದಲೇ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಕಟ್ಟಿದ. ರಾಗಿ ಹೊಲದಂಚಿನ ಗಿಡದ ಹೆಸರು ಹೀಗೆ ಮೋಟಾರು ಲೋಕವನ್ನೆಲ್ಲ ಸುತ್ತಿತು. ನೀರಿಗೂ ಶಾಖಕ್ಕೂ ಜಗ್ಗದ ಲಿಥಿಯಂ ಗ್ರೀಸ್‌ಗೆ ಅಮೆರಿಕದ ಕ್ಲಾರೆನ್ಸ್ ಅರ್ಲ್ 1942ರಲ್ಲಿ ಪೇಟೆಂಟ್ ಪಡೆದ. ಇಂದು ಬಹುಪಾಲು ಲಿಥಿಯಂ ಗ್ರೀಸ್‌ಗಳ ಸೋಪಿಗೆ ಮೂಲವಾದ ಕೊಬ್ಬಿನಾಮ್ಲ ಬರುವುದು ಮತ್ತೆ ಹರಳೆಣ್ಣೆಯಿಂದಲೇ. ಗ್ಯಾರೇಜಿನ ಎಂಪಿ (ಮಲ್ಟಿಪರ್ಪಸ್) ಗ್ರೀಸ್ ಡಬ್ಬಿಯಲ್ಲಿ ಬೆರಳು ಅದ್ದುವವರು ಕೀಲೆಣ್ಣೆಯ ಮೊಮ್ಮಗನನ್ನೇ ಮುಟ್ಟುತ್ತಿರುತ್ತಾರೆ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ. ವಾಹನ ಮೂಲ ರೂಪದಲ್ಲೇ ಇರಬೇಕು. ಇದರಿಂದ ಗ್ಲಾಸ್ ಮೆಷಿನ್‌ಗೆ ಹೊಸ ಮರ್ಯಾದೆ ಬಂದಿದೆ ಎಂದರೆ ತಪ್ಪಾಗದು. ಪವರ್ ವಿಂಡೋ ಮೋಟಾರು ಕೂರಿಸಿಬಿಡುವ ಅವಸರದವರಿಗಿಂತ, ಇದ್ದುದನ್ನೇ ತೊಳೆದು ಸರಿಮಾಡಬಲ್ಲ ಕೈಗಳು ಈಗ ಬೇಕಾಗಿವೆ.

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಹಲ್ಲು ಮುರಿದ ಮೆಷಿನ್‌ಗೆ ಬದಲಿ ಬೇಕೆಂದರೆ ಶಿವಾಜಿನಗರದ ಗುಜರಿ ಅಂಗಡಿಗಳ ರಾಶಿಯಲ್ಲಿ ಕೈಯಾಡಿಸಬೇಕು. ಹೋಗುವವರು ಹಳೆಯ ಮೆಷಿನ್ನನ್ನೂ ಜೊತೆಗೆ ಒಯ್ಯುವುದು ಲೇಸು, ಏಕೆಂದರೆ ಎಡಬಾಗಿಲಿನದು ಬಲಬಾಗಿಲಿಗೆ ಕೂರುವುದಿಲ್ಲ.