ಛತ್ರ, ವಾರಾನ್ನ, ವಿದ್ಯಾರ್ಥಿನಿಲಯ

ಬೆಂಗಳೂರು ಬೆಳೆದ ಕಥೆ ಹೇಳುವವರು 1892ರ ಚಾಮರಾಜಪೇಟೆಯಿಂದ ಶುರುಮಾಡಿ 1898ರ ಪ್ಲೇಗಿಗೆ ಬರುತ್ತಾರೆ. ಅಲ್ಲಿಂದ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ರಸ್ತೆ, ಮನೆಗಳ ಹಿಂದಿನ ಗಲ್ಲಿ, ಗಾಳಿ-ಬೆಳಕು. ಅದೆಲ್ಲ ನಿಜವೇ. ಆದರೆ ಆ ನಿವೇಶನಗಳು ಕೊಳ್ಳುವ ಶಕ್ತಿ ಇದ್ದವರಿಗೆ. ಓದಬೇಕೆಂದು ಟ್ರಂಕು ಹೊತ್ತು ರೈಲಿಳಿದ ಹಳ್ಳಿ ಹುಡುಗನ ಪಾಡೇನು?

ನಮ್ಮ ದೊಡ್ಡಪ್ಪ ಅಂಥ ಹುಡುಗರಲ್ಲೊಬ್ಬರು. ಚಾಮರಾಜಪೇಟೆಯಲ್ಲಿ ವಾರಾನ್ನ ಉಂಡು ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಯಾವುದಾದರೂ ವಾರಕ್ಕೆ ಮನೆ ಸಿಗದಿದ್ದರೆ ಆ ದಿನ ನೀರು ಕುಡಿದು ಮಲಗುವುದು. ಉಂಡ ಮನೆಗೆ ಬಾವಿಯಿಂದ ನೀರು ಸೇದಿಕೊಡುತ್ತಿದ್ದರು, ಪೂಜೆಗೆ ಹೂ ತಂದುಕೊಡುತ್ತಿದ್ದರು, ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಗುರುವಾರದ ಮನೆಯ ಅಜ್ಜಿ ಕೇಳದೆಯೇ ಇನ್ನೊಂದು ಸಲ ಹುಳಿ ಬಡಿಸುತ್ತಿದ್ದರಂತೆ. ಮುಪ್ಪಿನಲ್ಲಿ ಆ ಮನೆಯವರ ಹೆಸರು ಮರೆತುಹೋಗಿತ್ತು, ವಾರ ಮರೆತಿರಲಿಲ್ಲ.

ಆ ಅನ್ನದ ಋಣ ನಮ್ಮ ಮನೆತನದ ಮೇಲಿದೆ. ಹಾಗಿದ್ದೂ ಹೇಳಲೇಬೇಕು: ವಾರಾನ್ನ ಜಾತಿಯ ಹೊಸಿಲು ದಾಟಲಿಲ್ಲ. ದೊಡ್ಡಪ್ಪನಿಗೆ ತೆರೆದ ಬಾಗಿಲು ಅವರದೇ ಊರಿನ ಒಕ್ಕಲು ಮಕ್ಕಳಿಗೆ ತೆರೆಯುತ್ತಿರಲಿಲ್ಲ. ಹೊಲಗೇರಿಯ ಹುಡುಗನಂತೂ ಆ ಬೀದಿಗೇ ಕಾಲಿಡುವಂತಿರಲಿಲ್ಲ.

ಈ ಕೊರತೆ ತುಂಬಲು ಬಂದದ್ದು ಸರ್ಕಾರವಲ್ಲ, ವರ್ತಕರು ಮತ್ತು ಸಂಘಗಳು. ಮಾಮೂಲ್‌ಪೇಟೆಯ ವ್ಯಾಪಾರಿ ಗುಬ್ಬಿ ತೋಟದಪ್ಪನವರು ತಮ್ಮ ಗಳಿಕೆಯನ್ನೆಲ್ಲ ಧರ್ಮಕ್ಕೆ ಬಿಟ್ಟವರು. ರೈಲು ನಿಲ್ದಾಣದ ಎದುರಿಗೇ, ಈಗ ಬಸ್ ನಿಲ್ದಾಣವಾಗಿರುವ ಧರ್ಮಾಂಬುಧಿ ಕೆರೆಯ ಮಗ್ಗುಲಲ್ಲಿ, ಅವರು ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಪ್ರಯಾಣಿಕರಿಗೆ ತಂಗಲು ಜಾಗ, ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯ. ಆ ಜಾಗದ ಆಯ್ಕೆಯನ್ನೇ ನಾನು ದೊಡ್ಡ ನಗರಯೋಜನೆ ಎನ್ನುತ್ತೇನೆ. ಹೊಸಬನಿಗೆ ನೆರವು ಬೇಕಾದದ್ದು ರೈಲಿಳಿದ ಗಳಿಗೆಯಲ್ಲಿ, ಅದು ಅಲ್ಲೇ ಸಿಕ್ಕಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಒಂದೊಂದಾಗಿ ಬೇರೆ ಸಮುದಾಯಗಳೂ ತಮ್ಮ ಮಕ್ಕಳಿಗೆ ಸೂರು ಮಾಡಿಕೊಂಡವು. ಮೈಸೂರು ಸೀಮೆಯ ಎಷ್ಟೋ ಮೇಷ್ಟರು, ವಕೀಲರು, ಡಾಕ್ಟರು ಈ ಊಟದ ಸಾಲುಗಳಿಂದ ಎದ್ದು ಬಂದವರು.

1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, 1976ರಲ್ಲಿ ಬಿಡಿಎ. ಬಡಾವಣೆಯ ಮೇಲೆ ಬಡಾವಣೆ ಎದ್ದವು. ಪಾರ್ಕು, ಆಟದ ಮೈದಾನಗಳಿಗೆ ಜಾಗ ಬಿಟ್ಟರು, ನಾಗರಿಕ ಸೌಲಭ್ಯಗಳಿಗೆಂದು ಸಿಎ ಸೈಟುಗಳನ್ನೂ ಗುರುತಿಸಿದರು. ಬಡ ಹುಡುಗ ಹುಡುಗಿಯರು ಇಳಿದುಕೊಳ್ಳುವ ಜಾಗವನ್ನು ಮಾತ್ರ ಬಡಾವಣೆಯ ಲೆಕ್ಕದೊಳಗೆ ತರಲಿಲ್ಲ. ಈಗ ಬರುವವರು ಪೀಜಿಯ ಮುಂಗಡಕ್ಕೇ ಸಾಲ ಮಾಡುತ್ತಾರೆ.

ಹೊಸ ಬಡಾವಣೆಗಳ ನಕ್ಷೆಗೆ ಸಹಿ ಹಾಕುವವರಲ್ಲಿ ನನ್ನದೊಂದು ವಿನಂತಿ. ಪ್ರತಿ ಬಡಾವಣೆಯಲ್ಲೂ ಒಂದು ಸಿಎ ಸೈಟನ್ನು, ಬಸ್ಸೋ ಮೆಟ್ರೋವೋ ನಿಲ್ಲುವ ಕಡೆಯೇ, ಜಾತಿ ಕೇಳದ ವಿದ್ಯಾರ್ಥಿನಿಲಯಕ್ಕೆಂದು ಮೀಸಲಿಡಿ.