ಟ್ರ್ಯಾಕ್ಟರಿನ ಬೆನ್ನ ಹಿಂದಿನ ಮೂರು ತೋಳು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇತಿಹಾಸ ಅಂದ್ರೆ ನಾವು ಸಾಮಾನ್ಯವಾಗಿ ರಾಜರು, ಯುದ್ಧ, ಕೋಟೆ ಅಂತ ಮಾತಾಡ್ತೀವಿ. ಇವತ್ತು ಮೂರು ಕಬ್ಬಿಣದ ತೋಳುಗಳ ಇತಿಹಾಸ ಹೇಳ್ತೀನಿ. ನೀವು ಹಳ್ಳಿಯವರಾದ್ರೆ ದಿನಾ ನೋಡಿರ್ತೀರಿ. ಟ್ರ್ಯಾಕ್ಟರಿನ ಹಿಂದೆ ಕೆಳಗೆ ಎರಡು, ಮೇಲೆ ಮಧ್ಯದಲ್ಲಿ ಒಂದು. ಕಲ್ಟಿವೇಟರ್ ಇರಲಿ, ಪಲ್ಟಿ ನೇಗಿಲಿರಲಿ, ಕೂರಿಗೆ ಇರಲಿ, ರೋಟವೇಟರ್ ಇರಲಿ, ಎಲ್ಲವೂ ಆ ಮೂರು ತೋಳಿಗೇ ತಗುಲಿಕೊಳ್ಳೋದು. ಮೇಲಿನದಕ್ಕೆ ನಮ್ಮ ಕಡೆ 'ಟಾಪ್ ಲಿಂಕ್' ಅಂತಾನೇ ಹೆಸರು.

ಈ ಕಥೆ ನನಗೆ ಶುರುವಾಗೋದು 1989ರ ಬೇಸಿಗೆಯಲ್ಲಿ, ರಾಣೆಬೆನ್ನೂರು ಸೀಮೆಯ ಒಂದು ಎರೆಹೊಲದಲ್ಲಿ. ನಾನಾಗ ನಾಲ್ಕನೇ ಕ್ಲಾಸು. ನಮ್ಮ ಕಾಕಾ ಹೊಲದ ಬದುವಿನಲ್ಲಿದ್ದ ಜಾಲಿಮರದ ಬೊಡ್ಡೆ ಕೀಳಿಸೋಕೆ ಟ್ರ್ಯಾಕ್ಟರ್ ತಂದಿದ್ದರು. ಬೊಡ್ಡೆಗೆ ಸರಪಳಿ ಸುತ್ತಿ, ಇನ್ನೊಂದು ತುದಿಯನ್ನ ಟಾಪ್ ಲಿಂಕ್ ಕೂಡುವ ಜಾಗಕ್ಕೆ ಕಟ್ಟಿದರು. ಎತ್ತರದಿಂದ ಎಳೆದ್ರೆ ಬೊಡ್ಡೆ ಮೇಲಕ್ಕೆ ಏಳುತ್ತೆ ಅನ್ನೋದು ಅವರ ಲೆಕ್ಕ. ನೋಡೋಕೆ ಸರಿಯಾಗೇ ಇದೆ, ಅಲ್ವಾ? ಕ್ಲಚ್ ಬಿಟ್ಟರು. ಬೊಡ್ಡೆ ಅಲುಗಲಿಲ್ಲ. ಟ್ರ್ಯಾಕ್ಟರಿನ ಮುಂದಿನ ಎರಡೂ ಗಾಲಿ ಗಾಳಿಗೆ ಎದ್ದವು, ಹೆದರಿದ ಕುದುರೆ ಹಿಂಗಾಲ ಮೇಲೆ ನಿಂತ ಹಾಗೆ. ಕೂಗೋಕೂ ಆಗಲಿಲ್ಲ. ಅಷ್ಟರಲ್ಲಿ ಅದು ಹಿಂದಕ್ಕೆ ಮಗುಚಿತ್ತು.

ಬದು ಎತ್ತರ ಇದ್ದದ್ದರಿಂದ ಟ್ರ್ಯಾಕ್ಟರ್ ಪೂರ್ತಿ ಕವುಚಿ ಬೀಳದೆ ಅದಕ್ಕೆ ಒರಗಿ ನಿಂತಿತು. ಕಾಕಾ ಉಳಿದರು. ಬಲಗಾಲು ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ. ಊರಲ್ಲಿ ಇದಕ್ಕೊಂದು ಕಾರಣ ಹುಡುಕಿದ್ರು. ಹಿಂದಿನ ಖಂಡೇಪೂಜೆಗೆ ಕಾಕಾ ಟ್ರ್ಯಾಕ್ಟರಿನ ಮುಂದೆ ಕುಂಬಳಕಾಯಿ ಒಡೆದಿರಲಿಲ್ಲವಂತೆ. 'ಗಾಡಿ ಮುನಿಸ್ಕೊಂತು' ಅಂದ್ರು. ಕಾಕಾನೂ ಅದನ್ನೇ ನಂಬಿದರು. ನಾನೂ ನಂಬಿದೆ.

ಎಷ್ಟೋ ವರ್ಷಗಳ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ಕೃಷಿಯಂತ್ರಗಳ ಚರಿತ್ರೆ ಓದ್ತಾ ಇದ್ದಾಗ ಹ್ಯಾರಿ ಫರ್ಗುಸನ್ ಅನ್ನೋ ಹೆಸರು ಸಿಕ್ತು. ಆವಾಗ ಗೊತ್ತಾಯ್ತು, ನಮ್ಮ ಬದುವಿನ ಮೇಲೆ ಆದದ್ದು ಎಪ್ಪತ್ತು ವರ್ಷ ಹಳೆಯ ಅಪಘಾತ ಅಂತ.

ಫರ್ಗುಸನ್ ಹುಟ್ಟಿದ್ದು 1884ರಲ್ಲಿ, ಇವತ್ತಿನ ಉತ್ತರ ಐರ್ಲೆಂಡಿನ ಕೌಂಟಿ ಡೌನ್‌ನಲ್ಲಿ. ರೈತರ ಮಗ. ಆದರೆ ಹೊಲದ ಕೆಲಸ ಒಗ್ಗದೆ ಬೆಲ್‌ಫಾಸ್ಟ್‌ನಲ್ಲಿದ್ದ ಅಣ್ಣನ ರಿಪೇರಿ ಅಂಗಡಿ ಸೇರಿದ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಹಾರಿದ. ಐರ್ಲೆಂಡಿನ ನೆಲದಿಂದ ಎದ್ದ ಮೊದಲ ವಿಮಾನ ಅದು. ಅಂಥವನನ್ನ ಮತ್ತೆ ಹೊಲಕ್ಕೆ ಎಳೆದು ತಂದದ್ದು ಮೊದಲ ಮಹಾಯುದ್ಧ. ಬ್ರಿಟನ್ನಿಗೆ ಆಹಾರದ ಕೊರತೆ. 1917ರಲ್ಲಿ ಐರಿಷ್ ಕೃಷಿ ಮಂಡಳಿ ಇವನನ್ನ ಕರೆದು, ಟ್ರ್ಯಾಕ್ಟರುಗಳು ಹೇಗೆ ಕೆಲಸ ಮಾಡ್ತಿವೆ ನೋಡಿ ಸುಧಾರಿಸು ಅಂತ ಹೇಳಿತು. ತನ್ನ ಮೆಕ್ಯಾನಿಕ್ ವಿಲ್ಲಿ ಸ್ಯಾಂಡ್ಸ್ ಜೊತೆ ಊರೂರು ತಿರುಗಿದ.

ಅವನು ಕಂಡಿದ್ದೇನು? ಎತ್ತು, ಕುದುರೆ ಎಳೆಯುತ್ತಿದ್ದ ನೇಗಿಲನ್ನೇ ಜನ ಸರಪಳಿ ಹಾಕಿ ಟ್ರ್ಯಾಕ್ಟರಿಗೆ ಕಟ್ಟಿದ್ದರು. ಪ್ರಾಣಿ ತೆಗೆದು ಅದರ ಜಾಗದಲ್ಲಿ ಯಂತ್ರ ಇಟ್ಟರು, ಅಷ್ಟೇ. ಇಲ್ಲೇ ಸಮಸ್ಯೆ ಇದ್ದದ್ದು. ನೇಗಿಲು ಬಂಡೆಗೆ ಸಿಕ್ಕಿತು ಅಂದುಕೊಳ್ಳಿ, ಎತ್ತು ಏನು ಮಾಡುತ್ತೆ? ನಿಲ್ಲುತ್ತೆ. ಹೆಗಲಿಗೆ ಬಿದ್ದ ಭಾರ ಅದಕ್ಕೆ ಗೊತ್ತಾಗುತ್ತೆ. ಎಂಜಿನ್‌ಗೆ ಹೆಗಲಿಲ್ಲ. ಅದು ತಿರುಗಿಸ್ತಾನೇ ಇರುತ್ತೆ. ಗಾಲಿ ಮುಂದಕ್ಕೆ ಉರುಳೋಕೆ ಆಗದಿದ್ದಾಗ, ಆ ಶಕ್ತಿ ಎಲ್ಲಾದ್ರೂ ಹೋಗಬೇಕಲ್ಲ? ಹಿಂದಿನ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಮೈಯೇ ತಿರುಗುತ್ತೆ. ಮೂತಿ ಮೇಲೇಳುತ್ತೆ, ಒಂದೂವರೆ ಸೆಕೆಂಡಿನಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ. ಅದೇ 1917ರಲ್ಲಿ ಹೆನ್ರಿ ಫೋರ್ಡ್ ತಂದ ಅಗ್ಗದ 'ಫೋರ್ಡ್‌ಸನ್' ಟ್ರ್ಯಾಕ್ಟರ್ ಹಗುರ, ಗಿಡ್ಡ. ಹೀಗೆ ಮಗುಚೋದಕ್ಕೆ ಕುಖ್ಯಾತಿಯನ್ನೇ ಪಡೆಯಿತು. ಕೊನೆಗೆ ಕಂಪನಿ ಅದರ ಮಡ್‌ಗಾರ್ಡನ್ನ ಹಿಂದಕ್ಕೆ ಉದ್ದ ಮಾಡಿತು, ಮಗುಚುವಾಗ ನೆಲಕ್ಕೆ ತಾಗಿ ತಡೆಯಲಿ ಅಂತ.

ಫರ್ಗುಸನ್ ಯೋಚಿಸಿದ್ದು ಬೇರೆ ದಾರಿಯಲ್ಲಿ. ನೇಗಿಲು ಒಂದು ವಸ್ತು, ಟ್ರ್ಯಾಕ್ಟರ್ ಇನ್ನೊಂದು ವಸ್ತು ಅನ್ನೋದೇ ತಪ್ಪು, ಎರಡೂ ಸೇರಿ ಒಂದೇ ಯಂತ್ರ ಆಗಬೇಕು ಅಂದ. ಹತ್ತಾರು ಮಾದರಿ ಕಟ್ಟಿ, ಕೆಡವಿ, ಕೊನೆಗೆ ಮೂರು ತೋಳಿಗೆ ಬಂದು ನಿಂತ. ಕೆಳಗಿನ ಎರಡು ತೋಳು ನೇಗಿಲನ್ನ ಎಳೆಯುತ್ತವೆ. ಮಣ್ಣು ಕುಳವನ್ನ ಹಿಡಿದಾಗ ನೇಗಿಲಿನ ಮೇಲ್ಭಾಗ ಮುಂದಕ್ಕೆ ಮುಗ್ಗರಿಸೋಕೆ ನೋಡುತ್ತೆ. ಆ ಮುಗ್ಗರಿಕೆ ಮೇಲಿನ ತೋಳಿನ ಮೂಲಕ ಟ್ರ್ಯಾಕ್ಟರಿನ ಬೆನ್ನನ್ನ ಮುಂದಕ್ಕೆ ತಳ್ಳುತ್ತೆ, ಮೂತಿ ಮೇಲೇಳೋಕೆ ಬಿಡೋದಿಲ್ಲ. ಅಂದ್ರೆ ಯಾವ ಮಣ್ಣು ಟ್ರ್ಯಾಕ್ಟರನ್ನ ಬೀಳಿಸುತ್ತಿತ್ತೋ ಅದೇ ಮಣ್ಣಿನ ಕೈಲಿ ಅದನ್ನ ಹಿಡಿಸಿದ.

ಅವನು ಅಲ್ಲಿಗೇ ನಿಲ್ಲಲಿಲ್ಲ. ನೇಗಿಲು ಹಿಡಿದವರಿಗೆ ಗೊತ್ತು, ಮೇಳಿ ಮೇಲಿನ ಕೈ ಸುಮ್ಮನೆ ಇರೋದಿಲ್ಲ. ಗಟ್ಟಿ ನೆಲ ಬಂದರೆ ಸ್ವಲ್ಪ ಎತ್ತಬೇಕು, ಮೆತ್ತಗಿದ್ದರೆ ಒತ್ತಬೇಕು. ಫರ್ಗುಸನ್ ಆ ಕೆಲಸವನ್ನ ಹೈಡ್ರಾಲಿಕ್ ಎಣ್ಣೆಗೆ ಕೊಟ್ಟ. ನೆಲ ಗಟ್ಟಿಯಾದಷ್ಟೂ ಟಾಪ್ ಲಿಂಕ್ ಜೋರಾಗಿ ತಳ್ಳುತ್ತೆ, ಅದರ ಬುಡದ ಸ್ಪ್ರಿಂಗ್ ಅದುಮುತ್ತೆ, ವಾಲ್ವ್ ತೆರೆದು ನೇಗಿಲು ತುಸು ಮೇಲೇಳುತ್ತೆ. ಭಾರ ಕಡಿಮೆಯಾದ್ರೆ ತಾನೇ ಇಳಿಯುತ್ತೆ. 1926ರ ಪೇಟೆಂಟಿನ ಜೀವಾಳ ಇದೇ. ಎಂಜಿನ್‌ಗೆ ಹೆಗಲಿಲ್ಲ ಅಂದೆನಲ್ಲ, ಆ ಹೆಗಲನ್ನ ಕೊಟ್ಟವನು ಈತ. ಸೀಟಿನ ಬಲಗಡೆ ಇರುವ ಎರಡು ಲಿವರುಗಳಲ್ಲಿ ಒಂದು, 'ಡ್ರಾಫ್ಟ್' ಅಂತಾರಲ್ಲ, ಅದೇ ಇದು. ನಮ್ಮಲ್ಲಿ ಎಷ್ಟೋ ಡ್ರೈವರುಗಳು ಅದನ್ನ ಮುಟ್ಟೋದೇ ಇಲ್ಲ.

ಮುಂದಿನದು ಸಿನಿಮಾ ಕಥೆ, ಬೇಗ ಹೇಳಿಬಿಡ್ತೀನಿ. 1938ರಲ್ಲಿ ಫರ್ಗುಸನ್ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್ ಮುಂದೆ ತನ್ನ ಟ್ರ್ಯಾಕ್ಟರ್ ಓಡಿಸಿ ತೋರಿಸಿದ. ಇಬ್ಬರೂ ಕೈಕುಲುಕಿದರು. ಒಪ್ಪಂದ ಅಷ್ಟೇ, ಕಾಗದ ಇಲ್ಲ, ಸಹಿ ಇಲ್ಲ. 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಯುದ್ಧ ಮುಗಿಯೋ ಹೊತ್ತಿಗೆ ಕಂಪನಿ ಮೊಮ್ಮಗ ಎರಡನೇ ಹೆನ್ರಿ ಫೋರ್ಡ್ ಕೈಗೆ ಹೋಯ್ತು, ಒಪ್ಪಂದ ಮುರಿಯಿತು. ಫರ್ಗುಸನ್ 25 ಕೋಟಿ ಡಾಲರಿಗೂ ಹೆಚ್ಚು ಕೇಳಿ ದಾವೆ ಹೂಡಿದ. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯ್ತು. ಇತ್ತ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಅವನ ಬೂದುಬಣ್ಣದ ಟಿಇ20 ಟ್ರ್ಯಾಕ್ಟರ್ 5 ಲಕ್ಷಕ್ಕೂ ಹೆಚ್ಚು ತಯಾರಾದವು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ, ಅದೇ ಎವರೆಸ್ಟ್ ಹತ್ತಿದವರು, ದಕ್ಷಿಣ ಧ್ರುವ ಮುಟ್ಟಿದ್ದು ಇವೇ ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿ. ಪೇಟೆಂಟುಗಳ ಅವಧಿ ಮುಗಿದ ಮೇಲೆ ಮೂರು ತೋಳು ಜಗತ್ತಿನ ಎಲ್ಲರ ಸ್ವತ್ತಾಯ್ತು. ಪಿನ್ನಿನ ಅಳತೆಗೂ ಮಾನದಂಡ ಬಂತು. ಅದರಿಂದಾಗಿ ಇವತ್ತು ಯಾವುದೋ ದೇಶದ ಟ್ರ್ಯಾಕ್ಟರಿಗೆ ನಮ್ಮೂರ ವೆಲ್ಡಿಂಗ್ ಅಂಗಡಿಯ ಒಂಬತ್ತು ಹಲ್ಲಿನ ಕಲ್ಟಿವೇಟರ್ ಸಲೀಸಾಗಿ ಕೂರುತ್ತೆ.

ಭಾರತಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಸರ್ಕಾರಕ್ಕೆ ಟ್ರ್ಯಾಕ್ಟರ್ ಬೇಕಾಗಿದ್ದು ಸಣ್ಣ ರೈತನ ಹೊಲಕ್ಕಲ್ಲ. ಮಧ್ಯ ಭಾರತದ ಎರೆಭೂಮಿಯಲ್ಲಿ 'ಕಾನ್ಸ್' ಅನ್ನೋ ಆಳಬೇರಿನ ಹುಲ್ಲು ಹಬ್ಬಿ ಹೊಲಗಳು ಪಾಳು ಬಿದ್ದಿದ್ದವು. ಅದನ್ನ ಕೀಳೋ ಯಂತ್ರಗಳಿಗಾಗಿ 1949ರಲ್ಲಿ ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರ್ ಸಾಲ ಪಡೆದೆವು. ರೈತರ ಕೈಗೆ ಟ್ರ್ಯಾಕ್ಟರ್ ಬಂದಿದ್ದು ಆಮೇಲೆ. 1959ರಲ್ಲಿ ಫರೀದಾಬಾದಿನಲ್ಲಿ ಐಷರ್, 1960ರಲ್ಲಿ ಮದರಾಸಿನಲ್ಲಿ ಟಾಫೆ. ಈ ಟಾಫೆ ಶುರುವಾದದ್ದು ಮ್ಯಾಸಿ ಫರ್ಗುಸನ್ ಸಹಯೋಗದಲ್ಲಿ. ನಮ್ಮ ಹಳ್ಳಿಗಳಲ್ಲಿ 'ಮ್ಯಾಸಿ' ಅಂತ ಕರೀತಾರಲ್ಲ, ಆ ಹೆಸರಿನ ಉಳಿದರ್ಧ ಇದೇ ಫರ್ಗುಸನ್. ವಿಚಿತ್ರ ಅಂದ್ರೆ, ಅವನು ತೀರಿಕೊಂಡಿದ್ದೂ 1960ರಲ್ಲೇ. ಬೆಂಗಳೂರಿನ ಎಚ್‌ಎಂಟಿ ಅಂದ್ರೆ ನಮಗೆ ವಾಚು. ಆದರೆ ಅದೇ ಎಚ್‌ಎಂಟಿ ಚೆಕೊಸ್ಲೊವಾಕಿಯಾದ ಜೆಟಾರ್ ತಂತ್ರಜ್ಞಾನ ತಂದು 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಿತು. ಅದನ್ನ ಮುಚ್ಚುವ ತೀರ್ಮಾನ ಆಗಿದ್ದು 2016ರಲ್ಲಿ. ದುರ್ಗಾಪುರದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸ್ವರಾಜ್ 1974ರಲ್ಲಿ ಪಂಜಾಬಿನಿಂದ ಬಂತು. ಇವೆಲ್ಲದರ ಬೆನ್ನಿಗೂ ಅದೇ ಮೂರು ತೋಳು.

ಟ್ರ್ಯಾಕ್ಟರ್ ಬಂತು, ಸಾಲ ಬಂತು, ಸಬ್ಸಿಡಿ ಬಂತು. ಆ ಮೂರು ತೋಳು ಯಾಕೆ ಹಾಗಿವೆ ಅನ್ನೋ ಮಾತು ಮಾತ್ರ ಅದರ ಜೊತೆ ಬರಲಿಲ್ಲ. ಡ್ರೈವರನಿಂದ ಡ್ರೈವರನಿಗೆ ಗೇರು, ಕ್ಲಚ್ಚು, ಸಾಲು ಹೊಡೆಯೋದು ದಾಟಿತು. ಮೇಲಿನ ತೋಳು ಇರೋದು ತಳ್ಳಿಸಿಕೊಳ್ಳೋಕೆ, ಅಲ್ಲಿಂದ ಎಳೆಯಬಾರದು ಅನ್ನೋದು ದಾಟಲಿಲ್ಲ. ಕಾಕಾ ಅಲ್ಲಿಗೆ ಸರಪಳಿ ಕಟ್ಟಿದ ಕ್ಷಣ, ಫರ್ಗುಸನ್ ಮಾಡಿದ್ದೆಲ್ಲ ಅಳಿಸಿಹೋಗಿ ಅದು ಮತ್ತೆ 1917ರ ಟ್ರ್ಯಾಕ್ಟರ್ ಆಯ್ತು. ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೆ ಕಟ್ಟಿದ್ದರೆ, ಅದಕ್ಕೂ ಮೊದಲು ಬೊಡ್ಡೆಯ ಬೇರು ಕಡಿದಿದ್ದರೆ, ಬಹುಶಃ ಗಾಲಿ ಮಣ್ಣಲ್ಲಿ ಜಾರಿ ಸುಮ್ಮನಾಗ್ತಿತ್ತು.

ಇನ್ನೊಂದು ಉದಾಹರಣೆ ಕೊಡ್ತೀನಿ. ರೋಟವೇಟರ್. ಈ ಪದ ಮೂಲದಲ್ಲಿ ಆಸ್ಟ್ರೇಲಿಯಾದ ಕ್ಲಿಫ್ ಹೋವರ್ಡ್ ಅನ್ನುವವರ ಯಂತ್ರದ ವ್ಯಾಪಾರಿ ಹೆಸರು. 1912ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಅಪ್ಪನ ಜಮೀನಿನಲ್ಲಿ ಎಂಜಿನ್‌ನಿಂದ ಅಲಗು ತಿರುಗಿಸಿ ಮಣ್ಣು ಪುಡಿ ಮಾಡೋ ಪ್ರಯೋಗ ಶುರು ಮಾಡಿದ. ಇವತ್ತು ಅದಕ್ಕೆ ಶಕ್ತಿ ಕೊಡೋದು ಟ್ರ್ಯಾಕ್ಟರಿನ ಹಿಂದಿನ ಪಿಟಿಒ ಶಾಫ್ಟ್. ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಎಂಟು ಸೆಂಟಿಮೀಟರ್ ದಪ್ಪದ ಶಾಫ್ಟ್ ಅಂದುಕೊಂಡು ಲೆಕ್ಕ ಹಾಕಿ, ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತೆ. ಒಂದು ಲುಂಗಿ ಒಂದೇ ಸೆಕೆಂಡು. ಸೆರಗೂ ಅಷ್ಟೇ, ಹೆಗಲ ಮೇಲಿನ ಟವಲ್ಲೂ ಅಷ್ಟೇ. ಅದರ ಮೇಲೆ ಪ್ಲಾಸ್ಟಿಕ್ ಕವಚ ಇರುತ್ತೆ. ಗ್ರೀಸ್ ಹಾಕೋಕೆ ಅಡ್ಡ ಅಂತ ಅದನ್ನ ಕಿತ್ತು ಕೊಟ್ಟಿಗೆ ಮೂಲೆಗೆ ಎಸೆದಿರೋದನ್ನ ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೀನಿ. ಹಾಗೇ, ಟ್ರ್ಯಾಕ್ಟರ್ ಮಗುಚಿದರೂ ಡ್ರೈವರ್ ಉಳಿಯಲಿ ಅಂತ ಸೀಟಿನ ಸುತ್ತ ಉಕ್ಕಿನ ಚೌಕಟ್ಟು ಕಡ್ಡಾಯ ಅಂತ ಸ್ವೀಡನ್ 1959ರಲ್ಲೇ ಕಾನೂನು ಮಾಡಿತು. ನಮ್ಮೂರ ದಾರಿಯಲ್ಲಿ ನಿಂತು ನೋಡಿ, ಬಿಸಿಲಿಗೆ ಹಾಕಿದ ತಗಡು ಕಾಣುತ್ತೆ, ಆ ಚೌಕಟ್ಟು ಕಾಣೋದು ಅಪರೂಪ.

ಇದನ್ನೆಲ್ಲ ತಿಳಿದ ಮೇಲೆ ಒಮ್ಮೆ ಊರಿಗೆ ಹೋದಾಗ ಕಾಕಾನ ಹತ್ತಿರ ಕೂತೆ. ಮೂರು ಕಡ್ಡಿ ಇಟ್ಟು, ಬೆಂಕಿಪೊಟ್ಟಣವನ್ನ ಟ್ರ್ಯಾಕ್ಟರ್ ಮಾಡಿ, ದಾರ ಕಟ್ಟಿ ತೋರಿಸಿದೆ. ಕೆಳಗೆ ಕಟ್ಟಿ ಎಳೆದೆ, ಪೊಟ್ಟಣ ಜರುಗಿತು. ಮೇಲೆ ಕಟ್ಟಿ ಎಳೆದೆ, ಮಗುಚಿತು. ಅವರು ಇನ್ನೊಂದು ಸಲ ಮಾಡು ಅಂದ್ರು. ಮಾಡಿದೆ.

'ಅಂದ್ರ ನಾ ಸರಪಳಿ ಕಟ್ಟಿದ ಜಾಗಾ ತಪ್ಪು. ಅಷ್ಟ ಹೌದಿಲ್ಲೋ?'

'ಹೌದು ಕಾಕಾ, ಅಷ್ಟೇ.'

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಕಾಲನ್ನ ಒಮ್ಮೆ ಸವರಿಕೊಂಡು ಹೇಳಿದರು: 'ಇಷ್ಟು ವರ್ಷ ಕುಂಬಳಕಾಯಿ ಅಂದ್ಕೊಂಡಿದ್ನೆಪಾ. ಒಂದು ಗೇಣು ಕೆಳಗ ಕಟ್ಟು ಅಂತ ಅವತ್ತ ಯಾರರ ಹೇಳಿದ್ರ ಆಗ್ತಿತ್ತು.'

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ, ಇಲ್ಲಾ ಬಾಡಿಗೆಗೆ ಕರೆಸ್ತಿದ್ದರೆ, ಈ ಸಂಚಿಕೆ ಕೇಳಿ ಮುಗಿಸಿದ ಮೇಲೆ ಆ ಒಂದು ಮಾತನ್ನ ಡ್ರೈವರಿಗೆ ಹೇಳಿ. ಅಚ್ಚಿಗಿಂತ ಕೆಳಗೆ ಕಟ್ಟು ಅಂತ.