ಕಣ್ಣು ಸರಿಯಿದೆ, ಆದ್ರೂ ಕಾಣ್ತಿಲ್ಲ: ಗುಂಡೇಟುಗಳು ಬರೆದ ನಕ್ಷೆ

ಇವತ್ತು 1904–05ರ ರಷ್ಯಾ–ಜಪಾನ್ ಯುದ್ಧದ ಕಾಲಕ್ಕೆ ಹೋಗೋಣ. ಜಪಾನ್ ಸರ್ಕಾರದ ಮುಂದೆ ಒಂದು ಲೆಕ್ಕದ ಪ್ರಶ್ನೆ ಇತ್ತು: ದೃಷ್ಟಿ ಕಳೆದುಕೊಂಡ ಸೈನಿಕನಿಗೆ ಎಷ್ಟು ಪಿಂಚಣಿ? ಅವರನ್ನು ಪರೀಕ್ಷಿಸುವ ಕೆಲಸ ತಾತ್ಸುಜಿ ಇನೋಯೆ ಅನ್ನೋ ಯುವ ಕಣ್ಣಿನ ವೈದ್ಯರ ಪಾಲಿಗೆ ಬಂತು.

ಕೆಲವರ ಕಣ್ಣಿಗೆ ಏನೂ ಆಗಿರ್ಲಿಲ್ಲ. ಗುಂಡು ಹೊಕ್ಕಿದ್ದು ತಲೆಯ ಹಿಂಭಾಗಕ್ಕೆ. ಕಣ್ಣು ನೆಟ್ಟಗಿರೋ ಮನುಷ್ಯ ಬಂದು "ಅರ್ಧ ಕಾಣ್ತಿಲ್ಲ" ಅಂದ್ರೆ ಯಾವ ಗುಮಾಸ್ತ ನಂಬ್ತಾನೆ ಹೇಳಿ?

ರಷ್ಯನ್ನರ ಹೊಸ ರೈಫಲ್‌ನ 7.62 ಮಿ.ಮೀ. ಗುಂಡು ಚಿಕ್ಕದು, ವೇಗ ಜಾಸ್ತಿ. ಎಷ್ಟೋ ಸಲ ಅದು ಬುರುಡೆಯನ್ನು ಒಡೆದುಹಾಕದೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರ್ತಿತ್ತು, ಸೈನಿಕ ಬದುಕುಳೀತಿದ್ದ. ಎರಡು ತೂತು ಸಿಕ್ಕಿದ್ರೆ ನಡುವಿನ ದಾರಿ ಲೆಕ್ಕ ಹಾಕಬಹುದಲ್ವಾ? ಇನೋಯೆ ತಲೆಬುರುಡೆಯನ್ನು ಮೂರು ಆಯಾಮದಲ್ಲಿ ಅಳೆಯೋಕೆ ಒಂದು ಉಪಕರಣವನ್ನೇ ರೂಪಿಸಿದರು. ಗುಂಡು ಹಾದ ದಾರಿ, ಆ ವ್ಯಕ್ತಿಗೆ ಕಾಣದ ಜಾಗ, ಎರಡನ್ನೂ ಪಕ್ಕಪಕ್ಕ ಇಟ್ಟರು. ನಾವು ಲಾಗ್ ನೋಡಿ ಯಾವ ಸರ್ವರ್ ಬಿದ್ದಿದೆ ಅಂತ ಹುಡುಕ್ತೀವಲ್ಲ, ಹೆಚ್ಚುಕಡಿಮೆ ಹಾಗೆ. ಇಲ್ಲಿ ರೀಸ್ಟಾರ್ಟ್ ಮಾತ್ರ ಇಲ್ಲ.

ಎಡಮಿದುಳಿಗೆ ಪೆಟ್ಟಾದರೆ ಎರಡೂ ಕಣ್ಣಿನ ಬಲಬದಿಯ ನೋಟ ಹೋಗುತ್ತೆ ಅನ್ನೋದು ಮೊದಲೇ ಗೊತ್ತಿತ್ತು. ಇನೋಯೆ ಮುಂದಕ್ಕೆ ಹೋದರು. ನೇರ ಎದುರಿನ ನೋಟಕ್ಕೆ, ಅಂದ್ರೆ ನೀವೀಗ ಈ ಸಾಲು ಓದ್ತಿರೋ ಆ ಚೂರು ಜಾಗಕ್ಕೆ, ಮಿದುಳಿನ ಹಿಂತುದಿಯಲ್ಲಿ ದೊಡ್ಡ ಪಾಲು ಮೀಸಲು. ಅಂಚಿನ ನೋಟಕ್ಕೆ ಸಿಗೋದು ಅದರ ಮುಂದಿನ ಕಿರಿದಾದ ಜಾಗ.

1909ರಲ್ಲಿ ಇದೆಲ್ಲ ಜರ್ಮನ್ ಭಾಷೆಯಲ್ಲಿ ಪುಸ್ತಕವಾಗಿ ಬಂತು. ಇಂಗ್ಲಿಷ್ ಅನುವಾದ ಬಂದಿದ್ದು 2000ದಲ್ಲಿ! ಅಷ್ಟರಲ್ಲಿ ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡಿ ಇಂಥದ್ದೇ ನಕ್ಷೆ ಬರೆದ ಬ್ರಿಟನ್ನಿನ ಗಾರ್ಡನ್ ಹೋಮ್ಸ್ ಹೆಸರು ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿತ್ತು. ಹೋಮ್ಸ್ ಕೆಲಸ ಸಣ್ಣದಲ್ಲ, ಆದ್ರೂ ನನಗೆ ಇದು ಅನ್ಯಾಯ ಅನ್ಸುತ್ತೆ.

1917ರಲ್ಲಿ ಜಾರ್ಜ್ ರಿಡಕ್ ಅನ್ನೋ ವೈದ್ಯರು ಇನ್ನೊಂದು ವಿಚಿತ್ರ ವರದಿ ಮಾಡಿದರು. ಕೆಲವು ಸೈನಿಕರಿಗೆ ಕುರುಡಾದ ಭಾಗದಲ್ಲಿ ನಿಂತ ವಸ್ತು ಕಾಣಲ್ಲ, ಏನಾದ್ರೂ ಅಲ್ಲಾಡಿದ್ರೆ ಮಾತ್ರ ಗೊತ್ತಾಗುತ್ತೆ. ಹೋಮ್ಸ್ ಇದನ್ನ ಒಪ್ಪಲಿಲ್ಲ.

ಇವತ್ತು ಗುಂಡಿನ ಜಾಗದಲ್ಲಿ ಬೈಕ್ ಅಪಘಾತ ಬಂದಿದೆ. ತಲೆಗೆ ಏಟಾದವರು ಒಂದೇ ಬದಿಯ ಬಾಗಿಲಿಗೆ ಪದೇಪದೇ ಡಿಕ್ಕಿ ಹೊಡೀತಿದ್ರೆ, ಸಾಲಿನ ಅರ್ಧಕ್ಕೇ ಓದು ನಿಲ್ಲಿಸ್ತಿದ್ರೆ, ಕನ್ನಡಕ ಬದಲಿಸೋಕೆ ಓಡಬೇಡಿ. ದೃಷ್ಟಿಕ್ಷೇತ್ರದ ಪರೀಕ್ಷೆ, ಅಂದ್ರೆ ಪೆರಿಮೆಟ್ರಿ, ಮಾಡಿಸಿ ಅಂತ ವೈದ್ಯರನ್ನ ಕೇಳಿ.